ಉಪ್ಪುನೀರಿನಕ್ಕ ಮತ್ತು ಪಟ್ಟೆರಾಯ

ಬೀದಿದೀಪಗಳು ಇನ್ನೂ ಆರಿಲ್ಲ. ಕಣ್ಣಾಸ್ಪತ್ರೆಯ ಕಾಯುವ ಕೋಣೆಯಲ್ಲಿ ಕುರ್ಚಿಗಳನ್ನು ಗೋಡೆಗೆ ಸರಿಸಿ, ಐವತ್ತು ದಾಟಿದ ಹೆಂಗಸೊಬ್ಬರು ನೆಲದ ಮೇಲೆ ಕೂತಿದ್ದಾರೆ. ಕೊಳವೆಯ ಒಂದು ತುದಿ ಗಾಜಿನ ಮೀನುತೊಟ್ಟಿಯೊಳಗೆ, ಇನ್ನೊಂದು ಅವರ ಬಾಯಲ್ಲಿ. ಒಮ್ಮೆ ಜೋರಾಗಿ ಎಳೆದು ತಟ್ಟನೆ ಬಕೆಟ್ಟಿಗೆ ಬಿಡುತ್ತಾರೆ. ಹಳೆಯ ನೀರು ಸರಸರ ಇಳಿಯತೊಡಗುತ್ತದೆ. ಬಾಯಿಗೆ ಬಂದ ಗುಟುಕನ್ನು ಉಗಿದು, ಮುಖ ಕಿವುಚಿ, "ಬೆಳಿಗ್ಗೆ ಎದ್ದು ಎಲ್ಲರೂ ಕಾಫಿ ಕುಡೀತಾರೆ, ನಾನು ಸಮುದ್ರ ಕುಡೀತೀನಿ" ಎಂದು ನಗುತ್ತಾರೆ.

ಇವರನ್ನು ಎಲ್ಲರೂ ಕರೆಯುವುದು ಉಪ್ಪುನೀರಿನಕ್ಕ ಎಂದೇ. ಆಸ್ಪತ್ರೆ, ಹೋಟೆಲು, ಒಂದೆರಡು ದೊಡ್ಡ ಮನೆ ಸೇರಿ ಏಳು ಕಡೆ ಉಪ್ಪುನೀರಿನ ತೊಟ್ಟಿಗಳನ್ನು ನೋಡಿಕೊಳ್ಳುತ್ತಾರೆ. ಹಿಂದಿನ ದಿನವೇ ಹಿತ್ತಲಿನ ಡ್ರಮ್ಮಿನಲ್ಲಿ ಉಪ್ಪು ಕದಡಿ, ಹದ ನೋಡಿ, ಕ್ಯಾನುಗಳಿಗೆ ತುಂಬಿ ಸ್ಕೂಟರಿನಲ್ಲಿ ತರುತ್ತಾರೆ. ಬೆರಳ ಸಂದಿಗಳೆಲ್ಲ ಬಿರುಕು ಬಿಟ್ಟಿವೆ, ಮಂಡಿ ಕೈಕೊಡುತ್ತಿದೆ. "ಸಾರಿಗೆ ಉಪ್ಪು ಹಾಕೋದು ಮರೀತಾಳೆ, ಮೀನಿಗೆ ಮಾತ್ರ ಮರೆಯಲ್ಲ" ಎಂಬುದು ಬಸ್ ಓಡಿಸುವ ಗಂಡನ ದೂರು.

ಈ ಕೋಣೆಗೆ ಬಂದರೆ ನನಗೆ ಚಿಕ್ಕಂದು ನೆನಪಾಗುತ್ತದೆ. ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಇದೇ ಗಾಜಿಗೆ ಮೂಗು ಒತ್ತಿ ನಿಂತವನು ನಾನು. ಆಗ ಹಿರಿಯ ಡಾಕ್ಟರು ಇದ್ದರು. ಡ್ರಾಪ್ಸ್ ಎಂದರೆ ಕಿರುಚುವ ಮಕ್ಕಳನ್ನು ತೊಟ್ಟಿಯ ಮುಂದೆ ನಿಲ್ಲಿಸಿ, "ಮೇಲೆ ನೋಡು, ಆ ಮೀನು ಕಣ್ಣು ಮುಚ್ಚುತ್ತಾ?" ಎನ್ನುತ್ತಿದ್ದರು. ಅದಕ್ಕೆ ರೆಪ್ಪೆಯೇ ಇಲ್ಲ! ನಾವು ತಲೆಯೆತ್ತಿ ಬಾಯಿ ಬಿಟ್ಟುಕೊಂಡು ನೋಡುತ್ತಿರುವಾಗಲೇ ಹನಿ ಬಿದ್ದಾಗಿರುತ್ತಿತ್ತು. ಈಗಿನ ಮಕ್ಕಳು ಫೋನು ಹಿಡಿದು ತೊಟ್ಟಿಗೆ ಬೆನ್ನು ಹಾಕಿ ಕೂರುತ್ತಾರೆ. ನೋಡಿದರೆ ನನಗೆ ಸಂಕಟವಾಗುತ್ತದೆ.

ಆ ಕಾಲದ ಮೀನುಗಳಲ್ಲಿ ಉಳಿದಿರುವುದು ಪಟ್ಟೆರಾಯ ಒಬ್ಬನೇ. ಅಕ್ಕ ತಂದು ಬಿಟ್ಟಾಗ ಅವನು ಬೆರಳುದ್ದದ ಮರಿ, ಕಡುನೀಲಿ ಮೈಮೇಲೆ ಬಿಳಿ ಉಂಗುರಗಳು. ಬೆಳೆಯುತ್ತ ಉಂಗುರಗಳು ಅಳಿಸಿ ಹಳದಿ ಪಟ್ಟೆಗಳು ಮೂಡಿದವು. ಅಷ್ಟರಲ್ಲಿ ಹಲವು ತಿಂಗಳು ಹೊರದೇಶದಲ್ಲಿದ್ದು ಮರಳಿದ ಹಿರಿಯ ಡಾಕ್ಟರು, ನನ್ನ ಮೀನು ಮಾರಿಕೊಂಡು ಬೇರೆ ತಂದು ಬಿಟ್ಟಿದ್ದೀಯಾ ಎಂದು ಅಕ್ಕನ ಮೇಲೆ ಕೂಗಾಡಿದರಂತೆ. "ನನಗೆ ಅಳುನೇ ಬಂತು. 'ಸರ್, ನಿಮ್ಮ ಮಗಳು ಹುಟ್ಟಿದಾಗ ಇದ್ದ ಹಾಗೇ ಇದ್ದಾಳಾ?' ಅಂದೆ. ಗೊಳ್ಳನೆ ನಕ್ಕುಬಿಟ್ರು."

ಆ ಮಗಳೇ ಈಗ ಇಲ್ಲಿಯ ಡಾಕ್ಟರು. ತೊಟ್ಟಿಯ ಅಂಟು ಬಿಟ್ಟು ನೀರು ಜಿನುಗುತ್ತಿದೆ, ಹೊಸದು ಮಾಡಿಸಲೇಬೇಕು. ಮಾಡಿಸುವುದಾದರೆ ಜೀವಂತ ಹವಳದ ತೊಟ್ಟಿಯೇ ಆಗಲಿ, ಅದನ್ನು ನೋಡಿಯಾದರೂ ಮಕ್ಕಳು ತಲೆ ಎತ್ತಿಯಾರು ಎಂಬುದು ಅವರ ಆಸೆ. ತೊಡಕು ಇಷ್ಟೇ: ಪಟ್ಟೆರಾಯ ಹವಳವನ್ನು ಕಿತ್ತು ತಿನ್ನುವ ಜಾತಿ. ಹವಳ ಬಂದರೆ ಅವನು ಮೀನಿನಂಗಡಿಗೆ ಹೋಗಬೇಕು. ಹವಳದ್ದೋ ಬರೀ ಮೀನಿನದೋ ಎಂದು ಹೇಳುವುದನ್ನು ಡಾಕ್ಟರು ಅಕ್ಕನಿಗೇ ಬಿಟ್ಟಿದ್ದಾರೆ. ತೊಟ್ಟಿ ಮಾಡುವ ಗಾಜಿನವನಿಗೆ ಇವತ್ತೇ ತಿಳಿಸಬೇಕು.

ಹವಳವೆಂದರೆ ಅಕ್ಕನಿಗೂ ಪ್ರಾಣ. ಕೆಲಸ ಕಲಿತ ಅಂಗಡಿಯಲ್ಲಿ ಹವಳದ ತೊಟ್ಟಿಯೊಂದು ಇತ್ತಂತೆ. "ದೀಪ ಹಾಕಿದ್ರೆ ಒಂದೊಂದೇ ಅರಳ್ತಿತ್ತು. ಮಾಲೀಕರು ನನ್ನನ್ನ ಹತ್ತಿರಕ್ಕೂ ಬಿಡ್ತಿರಲಿಲ್ಲ. ಒಂದಲ್ಲ ಒಂದು ದಿನ ನನ್ನ ಕೈಯಾರೆ ಬೆಳೆಸಬೇಕು ಅಂದ್ಕೊಂಡೆ." ಇಷ್ಟು ವರ್ಷಗಳಲ್ಲಿ ಯಾರೂ ಮಾಡಿಕೊಡಿ ಎಂದು ಕೇಳಲಿಲ್ಲ. ಅದರ ರಗಳೆಗೆ ಎಲ್ಲರೂ ಹೆದರುತ್ತಾರೆ. "ಬರೀ ಮೀನಿನ ತೊಟ್ಟಿ ತವರುಮನೆ ಇದ್ದ ಹಾಗೆ, ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ಸಹಿಸಿಕೊಳ್ಳುತ್ತೆ. ಹವಳದ್ದು ಅತ್ತೆಮನೆ. ಬೆಳಕು, ಉಪ್ಪು, ಬಿಸಿ ಯಾವುದು ಚೂರು ಏರುಪೇರಾದ್ರೂ ಮುಖ ಊದಿಸಿಕೊಳ್ಳುತ್ತೆ." ಹೀಗೆನ್ನುವಾಗಲೂ ಅವರ ಕಣ್ಣುಗಳು ಮಿನುಗುತ್ತವೆ.

ಬಾಗಿಲು ತೆರೆದು ಡಾಕ್ಟರು ಬರುತ್ತಾರೆ. "ಏನು ಯೋಚನೆ ಮಾಡಿದ್ರಿ ಅಕ್ಕ?"

"ನಿನ್ನೆ ಅಂಗಡಿಗೆ ಹೋಗಿ ನೋಡ್ಕೊಂಡು ಬಂದೆ ಡಾಕ್ಟರಮ್ಮ. ಅಲ್ಲಿ ಇವನಿಗೆ ತಿರುಗೋಕೂ ಜಾಗ ಇಲ್ಲ. ಮೀನಿನ ತೊಟ್ಟಿನೇ ಮಾಡಿಸಿ. ಇವನ ಕಾಲ ಮುಗಿದ ಮೇಲೆ ಹವಳ ಬೆಳೆಸಿದ್ರಾಯ್ತು."

"ಅಷ್ಟೊತ್ತಿಗೆ ನಿಮ್ಮ ಮಂಡಿ?"

"ಅದು ಅಷ್ಟೊತ್ತಿಗೆ ರಜಾ ಹಾಕಿರುತ್ತೆ. ಯಾರಾದ್ರೂ ಮಾಡ್ತಾರೆ ಬಿಡಿ."

ಡಾಕ್ಟರು ಫೋನು ತೆಗೆದು ಗಾಜಿನವನಿಗೆ, "ಬರೀ ಮೀನಿಗೆ ಸಾಕು" ಎನ್ನುತ್ತಾರೆ.

ನನಗೆ ತಡೆಯಲಾಗುವುದಿಲ್ಲ. ಕೈಗೆ ಬಂದದ್ದನ್ನು ಬಿಟ್ಟುಕೊಟ್ಟಿರಲ್ಲ, ಬೇಜಾರಾಗುವುದಿಲ್ಲವೇ ಎಂದು ಕೇಳುತ್ತೇನೆ. ಅಕ್ಕ ಒದ್ದೆ ಕೈಯನ್ನು ಟವೆಲಿಗೆ ಒರೆಸಿಕೊಳ್ಳುತ್ತಾರೆ.

"ಆಗದೇ ಇರುತ್ತಾ? ಹವಳ ಚಂದ, ಯಾರು ಇಲ್ಲ ಅಂದ್ರು? ಆದ್ರೆ ನಾನು ಒಂದು ದಿನ ಬರದಿದ್ರೆ ಅದು ಯಾರನ್ನೂ ಹುಡುಕಲ್ಲ. ಇವನು ಹುಡುಕ್ತಾನೆ."