ಆರ್ಲೋ ಸರಿಮಾಡಿದ ರಿವಾಲ್ವರ್

ಆರ್ಲೋ ಹ್ಯಾಗನ್ ಮೂವತ್ನಾಲ್ಕು ವರ್ಷ ಕೌಂಟಿಯ ಮಣ್ಣುರಸ್ತೆಗಳನ್ನು ಸಮ ಮಾಡುವ ಯಂತ್ರ ಓಡಿಸಿದ. ಪೂರ್ವ ಮೊಂಟಾನಾದಲ್ಲಿ, ಪೌಡರ್ ನದಿಯ ಎರಡೂ ದಂಡೆಗಳಲ್ಲಿ ಅವನು ಹೋಗದ ರಸ್ತೆಯಿರಲಿಲ್ಲ. ಯಾವ ಮನೆಯ ಅಟ್ಟದಲ್ಲಿ ಎಂಥ ಹಳೆಯ ರಿವಾಲ್ವರ್ ಇದೆ ಎಂಬುದು ಅವನಿಗೆ ಗೊತ್ತಾದದ್ದೂ ಹಾಗೆಯೇ. ಹಿಮ ತಳ್ಳಲು ಬಂದವನನ್ನು ಕಾಫಿಗೆಂದು ಒಳಗೆ ಕರೆದರೆ ಸಾಕು, ಎರಡನೇ ಲೋಟ ಮುಗಿಯುವುದರೊಳಗೆ ಮನೆಯ ಮುದುಕ ಬಟ್ಟೆಯಲ್ಲಿ ಸುತ್ತಿದ್ದೇನನ್ನೋ ತಂದು ಮೇಜಿನ ಮೇಲೆ ಇಟ್ಟಿರುತ್ತಿದ್ದ.

ನನಗೆ ಅವನ ಪರಿಚಯವಾದದ್ದು ಮೈಲ್ಸ್ ಸಿಟಿಯ ಬಂದೂಕು ಸಂತೆಯಲ್ಲಿ. ನನ್ನದು ಹಳೆಯ ತೋಟಾ ಡಬ್ಬಿಗಳ ಮೇಜು, ಪಕ್ಕದ್ದು ಅವನದು. ಇಪ್ಪತ್ತೆರಡು ವರ್ಷ ಅಕ್ಕಪಕ್ಕ ಕೂತೆವು. ಅವನು ಮಾರಲು ಬರುತ್ತಿರಲಿಲ್ಲ, ತೋರಿಸಲು ಬರುತ್ತಿದ್ದ. ಒಟ್ಟು ಮೂವತ್ತೊಂದು ರಿವಾಲ್ವರ್‌ಗಳು, ಎಲ್ಲವೂ ಹಿಂದಿನ ಕಾಲದ ದನಗಾಹಿಗಳ ಸೊಂಟದಲ್ಲಿ ಇದ್ದಂಥವು. ಕೆತ್ತನೆ ಮಾಡಿದ ಹೊಳಪಿನ ಮಾಲನ್ನು ಅವನು ತಿರುಗಿಯೂ ನೋಡುತ್ತಿರಲಿಲ್ಲ. ಹಿಡಿ ಸವೆದಿರಬೇಕು, ಚರ್ಮದ ಚೀಲಕ್ಕೆ ಉಜ್ಜಿ ಉಜ್ಜಿ ನಳಿಗೆಯ ನೀಲಿ ಬಣ್ಣ ಹೋಗಿರಬೇಕು.

"ಇಲ್ನೋಡು, ಹಿಡಿ ಬುಡ ಹೆಂಗೆ ಜಜ್ಜೋಗಿದೆ. ಬೇಲಿ ಮೊಳೆ ಹೊಡಿಯೋಕೆ ಇದನ್ನೇ ಸುತ್ತಿಗೆ ಮಾಡ್ಕೊಂಡಿದಾನೆ ಬಡ್ಡೀಮಗ!" ಎಂದು ತೋರಿಸುವಾಗ ಅವನ ಮುಖ ನೋಡಬೇಕಿತ್ತು.

"ಮದ್ವೆ ವಯಸ್ಸಲ್ಲಿ ನೀನು ಕಬ್ಬಿಣಾನ ಕಟ್ಕೊಂಡೆ. ಈಗ ಅದಕ್ಕೇ ಎಣ್ಣೆ ಹಚ್ಕೊಂಡು ಕೂತಿದೀಯ," ಎಂದು ನಾನು ಛೇಡಿಸುತ್ತಿದ್ದೆ.

"ನಿನ್ ಹೆಂಡ್ತಿಗಿಂತ ಕಮ್ಮಿ ಸದ್ದು ಮಾಡುತ್ತಪ್ಪ," ಎನ್ನುತ್ತಿದ್ದ.

ಅವನ ಬಳಿಯಿದ್ದ ಒಂದು ಕೋಲ್ಟ್ ರಿವಾಲ್ವರಿನ ನಂಬರು 71418. ಸಾವಿರದ ಎಂಟುನೂರ ಎಂಬತ್ತೊಂದರಲ್ಲಿ ನಮ್ಮ ಕಡೆಯ ದನದ ಕಂಪನಿಯೊಂದು ತನ್ನ ಇಬ್ಬರು ಮೇಸ್ತ್ರಿಗಳಿಗೆಂದು ತರಿಸಿದ ಜೋಡಿಯಲ್ಲಿ ಅದು ಮೊದಲನೆಯದು. ಅದರ ಮುಂದಿನ ನಂಬರಿನದು ವೆಂಡೆಲ್ ಪ್ರೂಟ್ ಎಂಬ ಮುದುಕನ ದನದ ಫಾರ್ಮಿನಲ್ಲಿತ್ತು. ಆರ್ಲೋ ಹತ್ತೊಂಬತ್ತು ವರ್ಷ ಅದನ್ನು ಕೇಳಿದ.

"ನಾನ್ ಸತ್ ಮೇಲೆ ಬಾರಯ್ಯ. ಅದಕ್ಕೂ ಮುಂಚೆ ಬಂದ್ರೆ ಬರೀ ಕಾಫಿ," ಎನ್ನುತ್ತಿದ್ದ ವೆಂಡೆಲ್.

ಆ ರಿವಾಲ್ವರ್ ಕೆಟ್ಟು ಕೂತಿತ್ತು. ವೆಂಡೆಲ್ ಹುಟ್ಟುವ ಮೊದಲೇ ಅದರ ಸ್ಪ್ರಿಂಗ್ ಮುರಿದು, ಗುಂಡು ಹಾರದಂತಾಗಿತ್ತು. ಒಂದು ಬೇಸಿಗೆಯಲ್ಲಿ ಅವನೇ ಆರ್ಲೋನನ್ನು ಕರೆಸಿದ. ಮೊಮ್ಮಗ ಬ್ರಾಡಿ ಬಂದು ಫಾರ್ಮ್ ನೋಡಿಕೊಳ್ಳುತ್ತಿದ್ದ. ಅವನ ಇಪ್ಪತ್ತೈದನೇ ಹುಟ್ಟುಹಬ್ಬಕ್ಕೆ ಅದನ್ನು ಕೊಡಬೇಕು, ಕೆಲಸ ಮಾಡುವ ಹಾಗೆ ಕೊಡಬೇಕು ಎಂದ.

ಮೂರು ವಾರ ಅದು ಆರ್ಲೋನ ಅಡುಗೆಮನೆಯ ಮೇಜಿನ ಮೇಲಿತ್ತು. ಒಂದು ಶನಿವಾರ ನಾನು ಹೋದಾಗ ಜೋಡಿಯನ್ನು ಅಕ್ಕಪಕ್ಕ ಮಲಗಿಸಿ ನೋಡುತ್ತ ಕೂತಿದ್ದ. ಅದೇ ಕಾಲದ ಸ್ಪ್ರಿಂಗ್ ಒಂದನ್ನು ನೆಬ್ರಾಸ್ಕಾದಿಂದ ತರಿಸಿ, ಸಾಣೆಕಲ್ಲಿನಲ್ಲಿ ಉಜ್ಜಿ ಕೂರಿಸಿದ್ದ.

"ಕಿವಿ ಕೊಡು," ಎಂದು ಸರಿಮಾಡಿದ್ದರ ಹ್ಯಾಮರನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆದ. ಕೆಡದ ಕೋಲ್ಟ್‌ನಿಂದ ಬರಬೇಕಾದ ನಾಲ್ಕೂ ಸದ್ದು ಬಂದವು, ಒಂದೊಂದೂ ಬೇರೆ ಬೇರೆಯಾಗಿ, ಸ್ಪಷ್ಟವಾಗಿ.

"ಹೆಂಗಿದ್ರೂ ವಾಪಸ್ ಕೊಡ್ಬೇಕಲ್ಲೋ," ಎಂದೆ.

"ಕೊಡ್ತೀನಿ. ಈ ಕೆಲ್ಸ ನೋಡಿದ್ಮೇಲೆ ಮುದ್ಕನೋ ಮೊಮ್ಮಗನೋ ಒಂದಿನ ಕರಗೇ ಕರಗ್ತಾನೆ."

ವಾಪಸ್ ಕೊಟ್ಟ ದಿನ ಫಾರ್ಮಿನ ಹಿಂದಿನ ಕಮರಿಯಲ್ಲಿ ಬ್ರಾಡಿ ಆರು ಗುಂಡು ಹಾರಿಸಿದನಂತೆ. ಆರನೆಯದು ಮುಗಿದ ಮೇಲೆ ಆರ್ಲೋನನ್ನು ಅಪ್ಪಿಕೊಂಡನಂತೆ.

ಅದಾಗಿ ಇಪ್ಪತ್ತು ತಿಂಗಳಿಗೆ, ಕರು ಹಾಕಿಸುವ ಕಾಲದಲ್ಲಿ, ಕೊಟ್ಟಿಗೆಯಲ್ಲಿ ಬ್ರಾಡಿ ತನ್ನ ಜೀವ ತೆಗೆದುಕೊಂಡ. ಆ ರಿವಾಲ್ವರಿನಿಂದಲೇ. ಯಾಕೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಹಿಂದಿನ ದಿನ ಪೇಟೆಗೆ ಬಂದು ಟ್ರಕ್ಕಿಗೆ ಹೊಸ ಬ್ಯಾಟರಿ ಕೊಂಡೊಯ್ದಿದ್ದ. ಯಾವ ಆಯುಧ ಎಂಬುದು ಊರಿಗೆಲ್ಲ ತಿಳಿದಿತ್ತು, ಆರ್ಲೋನಿಗೊಬ್ಬನಿಗೆ ಬಿಟ್ಟು. ನನಗೂ ತಿಳಿದಿತ್ತು. ಹೇಳಲು ಬಾಯಿ ಬರಲಿಲ್ಲ.

ಅದೇ ವರ್ಷದ ಕೊನೆಗೆ ವೆಂಡೆಲ್ ತೀರಿಕೊಂಡ. ತಿಂಗಳು ಕಳೆದ ಮೇಲೆ ಆರ್ಲೋ ನನ್ನಲ್ಲಿಗೆ ಬಂದ.

"ಸತ್ ಮೇಲೆ ಬಾ ಅಂದಿದ್ನಲ್ಲ. ಮಗಳು ಬಂದಿದಾಳಂತೆ. ಒಬ್ನೇ ಹೋಗೋಕೆ ಒಂಥರಾ ಆಗುತ್ತೆ, ಬಾರೋ."

ಆಗಲಾದರೂ ಹೇಳಬೇಕಿತ್ತು. ಹೇಳದೆ ಜೊತೆಗೆ ಹೋದೆ.

ವೆಂಡೆಲ್‌ನ ಮಗಳು, ಬ್ರಾಡಿಯ ತಾಯಿ ಲೋರೀನ್ ಬಾಗಿಲಲ್ಲೇ ನಿಂತಳು. ಆರ್ಲೋ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ತಡವರಿಸುತ್ತ ಕೇಳಿದ.

"ಅದಾ? ಶೆರಿಫ್ ಹತ್ರ ಕೊಟ್ಟು ತುಂಡು ಮಾಡಿಸ್ಬಿಟ್ಟೆ. ಪಕ್ಕದಲ್ಲೇ ನಿಂತು ನೋಡ್ದೆ," ಎಂದಳು.

"ತುಂಡು... ಯಾಕಮ್ಮ? ಅದರ ಜೋಡಿ ನನ್ ಹತ್ರ ಇದೆ, ಅದು..."

"ಚಿಕ್ಕೋಳಿದ್ದಾಗ ಅದನ್ನ ಇಟ್ಕೊಂಡೇ ಆಟ ಆಡ್ತಿದ್ದೆ. ಹ್ಯಾಮರ್ ಎಳೆದ್ರೆ ಲೊಡ ಲೊಡ ಅಂತಿತ್ತು, ಅಷ್ಟೇ. ಅದನ್ನ ಸರಿ ಮಾಡಿದ್ದು ನೀವೇನಾ?"

ಆರ್ಲೋನಿಗೆ ಆಗ ಅರ್ಥವಾಯಿತು. ಅವನ ಕಿವಿಗಳು ಬಿಳಿಚಿಕೊಂಡದ್ದನ್ನು ನಾನು ಹಿಂದಿನಿಂದ ನೋಡಿದೆ.

"ಹೌದಮ್ಮ. ನಾನೇ."

"ಚೆನ್ನಾಗ್ ಮಾಡಿದ್ರಿ," ಎಂದಳು ಲೋರೀನ್. ಅದರಲ್ಲಿ ವ್ಯಂಗ್ಯವೂ ಇರಲಿಲ್ಲ, ಕೋಪವೂ ಇರಲಿಲ್ಲ. ಮೆಲ್ಲಗೆ ಬಾಗಿಲು ಹಾಕಿಕೊಂಡಳು.

ಟ್ರಕ್ಕಿನಲ್ಲಿ ನಾನು ಹೇಳಿದೆ: "ಆ ಮನೇಲಿ ಇನ್ನೂ ಆರು ಬಂದೂಕು ಇದ್ವು ಆರ್ಲೋ. ಅದಲ್ದಿದ್ರೆ ಇನ್ನೊಂದು."

"ಅವ್ನು ತಗೊಂಡಿದ್ದು ಅದನ್ನ." ಫಾರ್ಮಿನ ಗೇಟು ದಾಟಿದ ಮೇಲೆ, "ನಿಂಗ್ ಗೊತ್ತಿತ್ತು," ಎಂದ.

"ಗೊತ್ತಿತ್ತು."

ನಲವತ್ತು ಮೈಲಿ ಓಡಿಸಿ, ನನ್ನನ್ನು ಮನೆಯ ಮುಂದೆ ಇಳಿಸಿ ಹೋದ.

ಮುಂದಿನ ವಸಂತದ ಸಂತೆಗೆ ಅವನು ಬರಲಿಲ್ಲ. ಮನೆಗೆ ಹೋದರೆ ಹಿತ್ತಲ ಶೆಡ್ಡಿನ ಕೆಲಸದ ಮೇಜಿನ ಮುಂದೆ ಅರ ಹಿಡಿದು ಕೂತಿದ್ದ. ಒಂದೊಂದೇ ರಿವಾಲ್ವರನ್ನು ಮೇಜಿಗೆ ಬಿಗಿದ ಇಕ್ಕಳಕ್ಕೆ ಸಿಕ್ಕಿಸಿ, ಇನ್ನೆಂದೂ ಗುಂಡು ಹಾರದಂತೆ, ತೋಟಾಕ್ಕೆ ಬಡಿಯುವ ಹ್ಯಾಮರ್‌ನ ಮೊನೆಯನ್ನು ಅರದಿಂದ ತಿಕ್ಕಿ ತೆಗೆಯುತ್ತಿದ್ದ. ಇಪ್ಪತ್ತಾರು ಮುಗಿದಿದ್ದವು.

"ಹುಚ್ಚೇನೋ ನಿಂಗೆ? ನೂರ ನಲವತ್ತು ವರ್ಷದ್ದೋ ಅವು!"

"ಇವುನ್ನ ಯಾಕೆ ಮಾಡಿದ್ರು ಅನ್ನೋದನ್ನೇ ಮರ್ತಿದ್ದೆ ನೋಡು," ಎಂದ. ಅರ ನಿಲ್ಲಿಸಲಿಲ್ಲ. ನಾನು ಅವನ ಕೈ ಹಿಡಿದೆ, ಬಿಡಿಸಿಕೊಂಡ. ಉಳಿದ ಐದನ್ನೂ ನನ್ನ ಕಣ್ಣೆದುರೇ ಮುಗಿಸಿದ. ಮುಗಿದ ಮೇಲೆ ಅರವನ್ನು ಕೆಳಗಿಟ್ಟ. ಏನಾದರೂ ಹಗುರಾಗಬಹುದು ಎಂದುಕೊಂಡಿದ್ದನೋ ಏನೋ, ಮುಖ ನೋಡಿದರೆ ಏನೂ ಆಗಿರಲಿಲ್ಲ.

ಮಾಡಿದ್ದನ್ನು ಲೋರೀನ್‌ಗೆ ಪತ್ರ ಬರೆದು ತಿಳಿಸಿದ. ಎರಡು ತಿಂಗಳ ಮೇಲೆ ಒಂದು ಕಾರ್ಡು ಬಂತು. ನನಗೂ ತೋರಿಸಿದ. "ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ದಯವಿಟ್ಟು ಇನ್ನು ಬರೆಯಬೇಡಿ," ಅಷ್ಟೇ ಇತ್ತು. ಬೈದಿದ್ದರೆ ಅವನು ಚೇತರಿಸಿಕೊಳ್ಳುತ್ತಿದ್ದ ಎಂದು ನನಗೆ ಆಗ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಸಂತೆಯವರು ಕೆಲ ಕಾಲ ಆಡಿಕೊಂಡು ನಕ್ಕರು, ಆಮೇಲೆ ಮರೆತರು. ಆರ್ಲೋ ಈಗ ಗ್ಲೆಂಡೈವ್‌ನ ವೃದ್ಧಾಶ್ರಮವೊಂದರಲ್ಲಿದ್ದಾನೆ. ಅವನ ರಿವಾಲ್ವರ್‌ಗಳು ಎರಡು ಪೆಟ್ಟಿಗೆಗಳಲ್ಲಿ ನನ್ನ ನೆಲಮಾಳಿಗೆಯಲ್ಲಿವೆ. ಸಂಗ್ರಹಕಾರರಿಗೆ ಅವು ಹಾಳಾದ ಮಾಲು, ವಸ್ತುಸಂಗ್ರಹಾಲಯಕ್ಕೂ ಬೇಡ. ಎಣ್ಣೆ ಹಚ್ಚಬೇಡ ಎಂದು ಹೇಳಿಹೋಗಿದ್ದಾನೆ, ತುಕ್ಕು ಹತ್ತುತ್ತಿದೆ.

ತಿಂಗಳಿಗೊಮ್ಮೆ ಹೋಗುತ್ತೇನೆ. ಹೋದ ಸಲ ಕಿಟಕಿಯ ಬಳಿ ಕೂತು ಹೊರಗಿನ ರಸ್ತೆ ನೋಡುತ್ತಿದ್ದ.

"ಆ ಹುಡ್ಗ ಅವತ್ತು ಅಪ್ಕೊಂಡಾಗ," ಎಂದ, "ನಾನು ಅವ್ನ ಭುಜದ ಮೇಲಿಂದ ರಿವಾಲ್ವರ್ ಎಲ್ಲಿಟ್ಟ ಅಂತ ನೋಡ್ತಿದ್ದೆ ಕಣೋ. ಅವ್ನ ಮುಖ ನೋಡ್ಲೇ ಇಲ್ಲ."

ನರ್ಸು ಊಟದ ತಟ್ಟೆ ತಂದಿಟ್ಟಳು. ಆಲೂಗಡ್ಡೆಯನ್ನು ಚಮಚದಿಂದ ಅತ್ತಿತ್ತ ತಳ್ಳಿ, ತಟ್ಟೆಯನ್ನು ನನ್ನ ಕಡೆಗೆ ಸರಿಸಿದ.