ಗಡಿಕಲ್ಲಿನಾಚೆಯ ಲಕ್ಷ್ಮಿ

ಮತ್ತೋಡಿನ ಗಂಗಕ್ಕನಿಗೆ ಹೆಂಗಸರೆಂದರೆ ಎರಡೇ ಜಾತಿ: ಲಕ್ಷ್ಮಿ, ಇಲ್ಲವೇ ಮಾರಿ. ಪಕ್ಕದೂರಲ್ಲಿ ಬೇರೆ ಮನೆ ಮಾಡಿದ್ದ ಹಿರಿಸೊಸೆ ಲಕ್ಷ್ಮಿ. ಜೊತೆಗಿದ್ದು ಎದುರುತ್ತರ ಕೊಡುವ ಕಿರಿಸೊಸೆ ದುರುಗಕ್ಕ ಮಾರಿ. ಎಪ್ಪತ್ನಾಲ್ಕನೇ ವಯಸ್ಸಿನಲ್ಲಿ ಗಂಗಕ್ಕನಿಗೆ ಲಕ್ವ ಹೊಡೆಯಿತು. ಮಾರಿ ಅನ್ನಿಸಿಕೊಂಡೇ ವರ್ಷವಿಡೀ ಹೇಲುಚ್ಚೆ ಬಾಚಿದ ದುರುಗಕ್ಕ, ಒಂದು ಸಂಜೆ ಅತ್ತೆಯನ್ನು ಗಾಡಿಗೆ ಹಾಕಿ, ಊರವರು ಮಾರಿಯನ್ನು ಸಾಗಹಾಕುವ ಗಡಿಕಲ್ಲಿನಾಚೆ, ಪಕ್ಕದೂರಿನ ನೆಲದಲ್ಲಿ ಇಳಿಸಿದಳು.

"ನೀನೇ ನನ್ನ ಲಕ್ಷ್ಮಿ ಕಣೇ, ಬಿಟ್ಟೋಗ್ಬೇಡ," ಮುದುಕಿ ತೊದಲಿದಳು.

"ನಾನು ಮಾರಿ ಅಲ್ವೇನತ್ತೆ? ನಿಮ್ಮ ಲಕ್ಷ್ಮಿ ಈ ಊರಾಗೇ ಅವಳೆ, ಕೂಗ್ರಿ."

ಮಾರಿಯನ್ನು ಬಿಟ್ಟು ಬರುವವರು ಹಿಂದಿರುಗಿ ನೋಡಬಾರದು. ದುರುಗಕ್ಕ ನೋಡಲಿಲ್ಲ.

ಬೆಳಗ್ಗೆ ಕುರಿ ಹೊಡೆದುಕೊಂಡು ಹೋದವರಿಗೆ ಗಂಗಕ್ಕ ಕಲ್ಲಿನ ಈಚೆ, ಮತ್ತೋಡಿನ ಕಡೆ ಸಿಕ್ಕಳು. ಕೂಗಿಗೆ ಅವಳ ಲಕ್ಷ್ಮಿ, ಆ ಹಿರಿಸೊಸೆ, ಬಂದಿದ್ದಳಂತೆ. ಕೈಯಾರೆ ಎತ್ತಿ ಈಚೆ ಕೂರಿಸಿ, ಅವಳೂ ಹಿಂದಿರುಗಿ ನೋಡದೆ ಹೋದಳಂತೆ.