ಅಗುಳಿ ಹಾಕಿದ ಹೆರಿಗೆ ಕೋಣೆ

ಹೆರಿಗೆ ಕೋಣೆಗೆ ಒಳಗಿನಿಂದ ಅಗುಳಿ ಹಾಕುವುದನ್ನು ನಾನು ಮೊದಲು ಕಂಡದ್ದು ಬೆಂಗಳೂರಿನ ಜಯನಗರದ ಆಸ್ಪತ್ರೆಯಲ್ಲಿ. ಗದಗಿನಿಂದ ಬಂದು ನರ್ಸಾಗಿ ಸೇರಿದ ಮೊದಲ ದಿನವೇ ಅದು ಕಣ್ಣಿಗೆ ಬಿತ್ತು. ನಮ್ಮ ಕಡೆ ಬ್ಯಾನಿ ಶುರುವಾದರೆ, ಹೆರಿಗೆ ಸಲೀಸಾಗಲೆಂದು ಅಜ್ಜಿ ಟ್ರಂಕು, ಹಿಟ್ಟಿನ ಡಬ್ಬಿ, ಬಾಗಿಲು, ಬಸುರಿಯ ಜಡೆ, ಎಲ್ಲವನ್ನೂ ಬಿಚ್ಚಿಡುತ್ತಾಳೆ. ಇಲ್ಲಿಯವರು ಬ್ಯಾನಿಗೆ ನೋವು ಎನ್ನುತ್ತಾರೆ, ಬಾಗಿಲು ಹಾಕುತ್ತಾರೆ.

ಸಿದ್ದಾಪುರದ ವಠಾರದಲ್ಲಿ, ಅಂದರೆ ಒಂದೇ ಅಂಗಳದ ಸುತ್ತ ಎಂಟು ಸಂಸಾರವಿರುವ ಕಡೆ, ಒಂದು ಕೋಣೆ ಹಿಡಿದೆ. ನಾನು ರೊಟ್ಟಿ ಬಡಿಯುವ ಸದ್ದಿಗೆ ಪಕ್ಕದವರು ಇಣುಕುತ್ತಿದ್ದರು. ಮುದ್ದೆಯನ್ನು ಅಗಿಯಬಾರದೆಂದು ತಿಳಿಯಲು ನನಗೆ ವಾರ ಹಿಡಿಯಿತು. ಊರು ಒಗ್ಗಿತು ಎನ್ನುವಷ್ಟರಲ್ಲಿ ಇಟ್ಟಮಡುವಿನಿಂದ ಜಯಮ್ಮ ಹೆರಿಗೆಗೆ ಬಂದಳು.

ಚೊಚ್ಚಲು. ಹದಿನೆಂಟು ವರ್ಷ. ಪಕ್ಕದಲ್ಲಿ ಕೂತು ಬೆನ್ನು ನೀವುವುದು, ಉಸಿರು ಬಿಡುವುದನ್ನು ಹೇಳಿಕೊಡುವುದು, ಧೈರ್ಯ ತುಂಬುವುದು ನನ್ನ ಕೆಲಸ. ಹೇಳಿದಂತೆ ಕೇಳುತ್ತಿದ್ದಳು, ಕಣ್ಣು ಮಾತ್ರ ಬಾಗಿಲ ಮೇಲೆ.

“ಅಕ್ಕಾ, ಒಸಿ ಬಾಗ್ಲು ತೆಗೀರಿ. ನಮ್ಮವ್ವ ಕಂಡ್ರೆ ಸಾಕು, ಹೆದ್ರಿಕೆ ಹೋಯ್ತದೆ.”

ಹೊರಗಿನಿಂದ ಅವ್ವನ ಕೂಗು: “ಇಲ್ಲೇ ಇವ್ನಿ ಕಣವ್ವಾ!”

ನಾನು ಎದ್ದೆ. ಮೇಟ್ರನ್ ಗದರಿದರು: “ಸಿಸ್ಟರ್, ಅಗುಳಿ ತೆಗೆದ್ರೆ ಇಡೀ ಊರೇ ಒಳಗೆ ಬರುತ್ತೆ. ಕೂತ್ಕೊಳ್ಳಿ.” ಕೆಲಸಕ್ಕೆ ಸೇರಿ ಎರಡು ತಿಂಗಳೂ ಆಗಿರಲಿಲ್ಲ. ಕೂತೆ.

ಮಧ್ಯಾಹ್ನ ಹೆಣ್ಣುಮಗು ಹುಟ್ಟಿತು, ಗಟ್ಟಿಯಾಗಿ ಅತ್ತಿತು. ಆಮೇಲೆ ತಾಯಿಗೆ ರಕ್ತ ನಿಲ್ಲಲಿಲ್ಲ. ಡಾಕ್ಟರು ಮಾಡುವುದನ್ನೆಲ್ಲ ಮಾಡಿದರು. ಕೊನೆಗೆ ಅಗುಳಿ ತೆಗೆದಾಗ ಉಸಿರಿಲ್ಲದ ಜಯಮ್ಮನ ಕಣ್ಣು ಬಾಗಿಲ ಕಡೆಗೇ ಇತ್ತು.

ಅಗುಳಿ ಯಾರನ್ನೂ ಕೊಲ್ಲುವುದಿಲ್ಲ, ಗೊತ್ತು. ಆದರೆ ಆ ಹುಡುಗಿ ಹೆದರಿಕೊಂಡೇ ಹೋದಳು, ಅದು ನನ್ನ ತಪ್ಪು. ಮರುದಿನದಿಂದ ಬಾಗಿಲನ್ನು ಒಂದು ಗೇಣು ತೆರೆದು, ಹೊಸ್ತಿಲಾಚೆ ಬಸುರಿಯರ ತಾಯಂದಿರಿಗೆ ಸ್ಟೂಲು ಹಾಕಿದೆ. ಮೇಟ್ರನ್ ಬೈದು ಬೈದು ಸುಮ್ಮನಾದರು. ಚೊಚ್ಚಲ ಹುಡುಗಿಯರು ಈಗ ಅಷ್ಟು ಚೀರುವುದಿಲ್ಲ.

ವರ್ಷದ ಮೇಲೆ ಆ ಅವ್ವ ಮೊಮ್ಮಗಳನ್ನು ಎತ್ತಿಕೊಂಡು ಬಂದಳು. ಸ್ಟೂಲನ್ನು ನೋಡಿ ಕೇಳಿದಳು: “ಬಾಗ್ಲು ತೆಗೀರಿ ಅಂದಿದ್ಲಾ ಸಿಸ್ಟ್ರಮ್ಮ, ನನ್ನ ಮಗಳು?”

“ಇಲ್ಲಮ್ಮ” ಎಂದೆ.

ಮೊನ್ನೆ ತಂಗಿಯ ಹೆರಿಗೆಗೆ ಗದಗಿಗೆ ಹೋಗಿದ್ದೆ. ಓಣಿಯವರೆಲ್ಲ ಬೆಂಗಳೂರು ಸಿಸ್ಟರು ಬಂದಳು ಎಂದರು. ಮನೆಯಲ್ಲಿ ಟ್ರಂಕು, ಡಬ್ಬಿ, ಬಾಗಿಲು ಎಲ್ಲ ತೆರೆದಿದ್ದವು. ತಂಗಿ ಅವ್ವನ ತೊಡೆಗೆ ಒರಗಿ ನರಳುತ್ತಿದ್ದಳು.

“ಅಲ್ಲೇ ಯಾಕ ನಿಂತಿ? ಒಳಗ ಬಾ” ಎಂದಳು ಅಜ್ಜಿ.

ನಾನು ಹೋಗಲಿಲ್ಲ. ಅಗುಳಿಯ ಆಚೆ ಇಟ್ಟಮಡುವಿನ ಅವ್ವ ನಿಂತಿದ್ದ ಹಾಗೆ, ತೆರೆದ ಬಾಗಿಲ ಹೊರಗೆ, ಮಗು ಅಳುವ ತನಕ ನಿಂತೇ ಇದ್ದೆ.